ವಾಣಕ್ಕೆ ಬಂದ ಕಾಡು

ವರದಾಬಾಯಿಯ ಮನೆಯಲ್ಲಿ ಎಸಿ ಇರುವುದು ಮನುಷ್ಯರಿಗಲ್ಲ. ಪುಣೆಯ ಸಿಂಹಗಡ ರಸ್ತೆಯ ಆ ಫ್ಲ್ಯಾಟಿನಲ್ಲಿ ಎಸಿ ಓಡಿತೆಂದರೆ, ಅದರ ಕೊಳವೆಯಿಂದ ತೊಟ್ಟಿಕ್ಕುವ ನೀರಿಗೆ ಗ್ಯಾಲರಿಯಲ್ಲಿ ಬಕೆಟ್ ಇಟ್ಟಿರುತ್ತಾರೆ. ಟ್ಯಾಂಕರಿನ ನೀರಿನಲ್ಲಿ ಉಪ್ಪು ಜಾಸ್ತಿ, ಆರ್ಕಿಡ್ ಬೇರು ತಡೆಯುವುದಿಲ್ಲ. ಗಂಡ ಮಾರ್ತಾಂಡರಾಯರು ಬಂದವರಿಗೆಲ್ಲ ಹೇಳುವ ಮಾತು ಒಂದೇ: "ಗಿಡಕ್ಕ ನೀರಡಿಕಿ ಆದಾಗ ನನಗ ತಂಪು ಸಿಗತದ."

ವರದಾಬಾಯಿ ಧಾರವಾಡದ ಹೆಣ್ಣುಮಗಳು. ಕುರಕುಂಭದ ರಾಸಾಯನಿಕ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಿವೃತ್ತಿಯವರೆಗೆ ದುಡಿದವರು. ಒಮ್ಮೆ ಪುಣೆಯಾಚೆಯ ಭೋರ್ ಊರು ದಾಟಿ ಘಾಟಿನ ಕಡೆ ಹೋದಾಗ, ಗಾಳಿಗೆ ಮುರಿದು ಬಿದ್ದ ಕೊಂಬೆಯ ಮೇಲೆ ಸೀತಾಳೆ ದಂಡೆ ಸಿಕ್ಕಿತು. ಮರದ ತೊಗಟೆಗೆ ಅಂಟಿಕೊಂಡು ಬೆಳೆಯುವ ಆರ್ಕಿಡ್ ಅದು. ಮಳೆಗಾಲದ ಹೊಸ್ತಿಲಲ್ಲಿ ನರಿಬಾಲದ ಹಾಗೆ ಗುಲಾಬಿ ಚುಕ್ಕೆಯ ಹೂಗೊಂಚಲು ಇಳಿಬಿಡುತ್ತದೆ. ಮನೆಗೆ ತಂದು ಎಲ್ಲರೂ ಮಾಡುವುದನ್ನೇ ಮಾಡಿದರು: ಕುಂಡ, ಕೆಂಪು ಮಣ್ಣು, ದಿನಾ ನೀರು. ಕೊಳೆತು ಹೋಯಿತು.

ಆಮೇಲೆ ಕಾಡಿನದನ್ನು ಮುಟ್ಟಲಿಲ್ಲ. ನರ್ಸರಿಯವರು ಬಾಟಲಿಯಲ್ಲಿ ಬೀಜದಿಂದ ಬೆಳೆಸಿದ ಸಸಿ ತಂದು, ಮಾವಿನ ಕಟ್ಟಿಗೆಯ ತುಂಡಿಗೆ ಹಳೆ ಸೀರೆಯ ಪಟ್ಟಿಯಿಂದ ಕಟ್ಟಿದರು. ಬೇರಿಗೆ ಬೇಕಾದದ್ದು ಗಾಳಿ. ಬೆಳಿಗ್ಗೆ ನೀರು ಚಿಮುಕಿಸಿದರೆ ಬೆಳ್ಳಿ ಬಣ್ಣದ ಬೇರು ಹಸಿರಾಗುತ್ತದೆ, ಸಂಜೆಯೊಳಗೆ ಆರಬೇಕು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಮುಗಿಯಿತು. ಇಷ್ಟನ್ನು ಕಲಿಯುವಷ್ಟರಲ್ಲಿ ಬಹಳಷ್ಟು ಸಸಿ ಸತ್ತವು. ಈಗ ಗ್ಯಾಲರಿಯ ಸರಳಿನ ತುಂಬ ಗಿಡಗಳು ತೂಗುತ್ತವೆ, ವರ್ಷವರ್ಷವೂ ಹೂ ಬಿಡುತ್ತವೆ.

ಸಂಕ್ರಾಂತಿಯಿಂದ ರಥಸಪ್ತಮಿವರೆಗೆ ಅವರ ಸೊಸೈಟಿಯಲ್ಲಿ ಮನೆಮನೆಗೂ ಅರಿಷಿಣ-ಕುಂಕುಮ. ಬಂದ ಮುತ್ತೈದೆಯರಿಗೆ ಎಳ್ಳು-ಬೆಲ್ಲದ ಜೊತೆ ಒಂದು ವಸ್ತು ಕೊಡುತ್ತಾರೆ, ಅದೇ ವಾಣ. ಪ್ಲಾಸ್ಟಿಕ್ ಡಬ್ಬಿ, ಸ್ಟೀಲ್ ಬಟ್ಟಲು, ಯಾರಿಗೂ ಬೇಡದ ಪರ್ಸು. ಒಂದು ವರ್ಷ ವರದಾಬಾಯಿ ಬೇಸತ್ತು, ಈ ಕಸದ ಬದಲು ಒಂದೊಂದು ಗಿಡ ಕೊಡಬಾರದೇ ಎಂದುಬಿಟ್ಟರು. ಎದುರು ವಿಂಗಿನ ಶ್ರದ್ಧಾ ಆ ಮಾತನ್ನು ಮರೆಯಲಿಲ್ಲ. ಬೆಳಗಾವಿಯ ಹುಡುಗಿ, ಏನು ಮಾಡಿದರೂ ಅಚ್ಚುಕಟ್ಟು.

ಮರುವರ್ಷ ಶ್ರದ್ಧಾಳ ಹಾಲಿನಲ್ಲಿ ಬಣ್ಣದ ಕುಂಡಗಳು ಸಾಲಾಗಿ ಕೂತಿದ್ದವು. ಕುಂಡಕ್ಕೊಂದು ರಿಬ್ಬನ್ನು, 'ಪರಿಸರಸ್ನೇಹಿ ವಾಣ' ಎಂಬ ಚೀಟಿ. ಒಳಗೆ ಮಣ್ಣು, ಮಣ್ಣಿನಲ್ಲಿ ಸೀತಾಳೆ ದಂಡೆ. ವರದಾಬಾಯಿ ತಮ್ಮ ಕುಂಡದ ಮಣ್ಣು ಕೆದರಿ ನೋಡಿದರು. ಹರಿದ ಬೇರು, ಬೇರಿಗೆ ಇನ್ನೂ ಹತ್ತಿಕೊಂಡ ತೊಗಟೆಯ ಚೂರು, ಒಣಗಿದ ಪಾಚಿ. ಯಾವ ನರ್ಸರಿಯದೂ ಅಲ್ಲ. ಭೋರ್ ಕಡೆಯ ಒಬ್ಬ ಗೋಣಿಚೀಲದಲ್ಲಿ ತಂದುಕೊಟ್ಟನೆಂದು ಶ್ರದ್ಧಾ ಖುಷಿಯಿಂದಲೇ ಹೇಳಿದಳು. ಮರದ ಮೇಲೆ ಎಷ್ಟೋ ವರ್ಷ ಕೂತಿದ್ದ ಗಿಡವನ್ನು ಕತ್ತಿಯಿಂದ ಎಬ್ಬಿಸಿ, ಚೀಲಕ್ಕೆ ತುಂಬಿ, ರಿಬ್ಬನ್ ಕಟ್ಟಿದರೆ ಅದು ಪರಿಸರಕ್ಕೆ ಸ್ನೇಹ. ಪ್ಲಾಸ್ಟಿಕ್ ಡಬ್ಬಿಯಾದರೂ ಯಾವ ಕಾಡನ್ನೂ ಬರಿದು ಮಾಡಿರಲಿಲ್ಲ.

ವರದಾಬಾಯಿ ತಮ್ಮ ಕುಂಡವನ್ನು ಮನೆಗೆ ಒಯ್ದರು. ಮುಂದಿನ ದಿನಗಳಲ್ಲಿ ಮನೆಮನೆಗೆ ಹೋಗಿ ನೋಡಿದರು. ಕುಂಕುಮದ ಜೊತೆ ಬಂದದ್ದೆಂದು ಹೆಂಗಸರು ಅದನ್ನು ತುಳಸಿಯ ಪಕ್ಕ ಇಟ್ಟಿದ್ದರು. ಸ್ನಾನ ಮುಗಿಸಿ ತುಳಸಿಗೆ ಎರೆದ ತಂಬಿಗೆಯ ಉಳಿದ ನೀರನ್ನು ಭಕ್ತಿಯಿಂದ ಅದರ ನೆತ್ತಿಗೇ ಹಾಕುತ್ತಿದ್ದರು. ಕೆಲವರು ಎಲೆಗೆ ಅರಿಷಿಣವನ್ನೂ ಹಚ್ಚಿದ್ದರು. ಸುಳಿಗಳು ಆಗಲೇ ಕಪ್ಪಾಗತೊಡಗಿದ್ದವು. ನನಗೆ ಕೊಡಿ, ಬದುಕಿಸುತ್ತೇನೆ ಎಂದು ಕೇಳಿದರೆ ಒಬ್ಬರೂ ಒಪ್ಪಲಿಲ್ಲ. ವಾಣವನ್ನು ತಿರುಗಿ ಕೊಡುವುದೆಂದರೆ ಮುತ್ತೈದೆತನವನ್ನೇ ಕೊಟ್ಟ ಹಾಗಲ್ಲವೇ?

ಗಿಡಗಳು ಸಾಯಲಿದ್ದವು, ತಮ್ಮ ಮಾತಿನಿಂದಲೇ ಇಲ್ಲಿಗೆ ಬಂದಿದ್ದವು. ವರದಾಬಾಯಿಗೆ ಊಟ ಸೇರದಾಯಿತು.

ಕೆಳಗಿನ ಮನೆಯ ರಂಗೂಬಾಯಿಗೆ ಇಂಥ ಪದ್ಧತಿಗಳ ಒಳಹೊರಗು ಗೊತ್ತು. ವಾಣ ವಾಪಸ್ ಇಸಕೊಳ್ಳಲು ಏನಾದರೂ ದಾರಿ ಉಂಟೇ ಎಂದು ಅವರನ್ನೇ ಕೇಳಿದರು.

"ನನ್ನೇನ ಕೇಳ್ತೀಯವಾ," ಎಂದರು ರಂಗೂಬಾಯಿ. "ನಮ್ಮ ಮನಿಯವರು ಹೋದಾಗಿಂದ ನನಗ ಯಾರರೆ ವಾಣ ಕೊಟ್ಟಾರೇನು?"

ಖರೆ. ಇಡೀ ಸೊಸೈಟಿಯ ಹಬ್ಬದ ಅಡುಗೆಗೆ ಆ ಕೈ ಬೇಕು, ಆ ಹಣೆಗೆ ಒಂದು ಚಿಟಿಕೆ ಕುಂಕುಮ ಹಚ್ಚುವವರಿಲ್ಲ. ಇದೂ ಪದ್ಧತಿಯೇ. ವರದಾಬಾಯಿ ತಲೆ ತಗ್ಗಿಸಿ, ತಾವು ತಂದಿದ್ದ ಕುಂಡವನ್ನು ಮುಂದಿಟ್ಟರು. ರಂಗೂಬಾಯಿ ಗಿಡವನ್ನು ತಿರುವಿ ನೋಡಿದರು.

"ತಿರುಗಿ ಕೊಡಬಾರದು, ಅದೇನೋ ಹೌದು. ಆದ್ರ ಮನ್ಯಾಗ ಇಟ್ಕೋಬೇಕಂತ ಎಲ್ಲಿ ಅದ? ಕೆಳಗ ಮಾವಿನ ಗಿಡ ಅದ ಅಲ್ಲಾ, ಅದಕ್ಕ ಕಟ್ರಿ. ಅವರದು ಅವರದ ಇರ್ತದ."

ರಥಸಪ್ತಮಿಯ ಬೆಳಿಗ್ಗೆ ವರದಾಬಾಯಿ ಎಲ್ಲರನ್ನೂ ಕಾಂಪೌಂಡಿನ ಮಾವಿನ ಮರದ ಕೆಳಗೆ ಕರೆದರು, ಮುತ್ತೈದೆ-ವಿಧವೆ ಭೇದವಿಲ್ಲದೆ. ಗಿಡಗಳು ಕಾಡಿನಿಂದ ಕಿತ್ತು ತಂದವೆಂದು ತಿಳಿಸಿ, ಬರುವಾಗ ಗಿಡ, ಒಂದು ಹಳೆ ಸೀರೆ ತರಬೇಕೆಂದು ಹೇಳಿದ್ದರು. ಶ್ರದ್ಧಾ ಬಂದಳು, ಮುಖ ಗಂಟು ಹಾಕಿಕೊಂಡೇ.

"ಗಿಡ ಕೊಡ್ರಿ ಅಂತ ನೀವ ಹೇಳಿದ್ರಿ, ವೈನಿ. ಈಗ ಎಲ್ಲಾರ ಮುಂದ ನನ್ನ ಕಳ್ಳಿ ಮಾಡಿದ್ರಿ."

"ಹೇಳಿದ್ದೆ. ಎಲ್ಲಿಂದ ತರಬೇಕು ಅಂತ ಹೇಳಲಿಲ್ಲ, ಅದು ನನ್ನ ತಪ್ಪು. ಆದ್ರ ಚೀಲದಾಗ ತಂದಾಗ ನೀನರೆ ಕೇಳಬೇಕಿತ್ತು, ಶ್ರದ್ಧಾ."

ಶ್ರದ್ಧಾ ಹೊರಟು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಸೀರೆ ಹರಿದು ಪಟ್ಟಿ ಮಾಡತೊಡಗಿದಳು. ಕೊಳೆತ ಬೇರು ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಒತ್ತಿ, ತೊಗಟೆಗೆ ಬಿಗಿಯಾಗಿ ಕಟ್ಟುವುದನ್ನು ವರದಾಬಾಯಿ ತೋರಿಸಿದರು. ಯಾರ ಸೀರೆಯ ಪಟ್ಟಿಯೋ ಅವರ ಗಿಡ, ಬೇರೆ ಗುರುತು ಬೇಕಾಗಲಿಲ್ಲ. ತಂಬಿಗೆ ತರುವಂತಿಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿದರು. ತಮ್ಮ ಪಾಲಿನ ವಾಣವನ್ನು ರಂಗೂಬಾಯಿಯ ಕೈಗಿಟ್ಟರು. ರಂಗೂಬಾಯಿ ಸುತ್ತಲೂ ನೋಡಿದರು. ಯಾರೂ ಬೇಡ ಅನ್ನಲಿಲ್ಲ. ಅವರು ತಮ್ಮ ಸೀರೆಯ ಬಿಳಿ ಅಂಚಿನ ಪಟ್ಟಿಯಿಂದ ಅದನ್ನು ಕೆಳಗಿನ ಕವಲಿಗೆ ಕಟ್ಟಿದರು.

ಬೇಸಿಗೆಯಿಡೀ ವರದಾಬಾಯಿ ಎಸಿಯ ನೀರು ಹೊತ್ತು ಮೆಟ್ಟಿಲಿಳಿದರು. ಆದರೂ ಬಹಳಷ್ಟು ಗಿಡಗಳು ಒಂದೊಂದಾಗಿ ಒಣಗಿದವು, ಹೂವಿನ ಮಾತಂತೂ ದೂರ. ಎಲೆ ಉದುರಿದ ಮೇಲೂ ಬಣ್ಣಬಣ್ಣದ ಪಟ್ಟಿಗಳು ಮರದ ಮೇಲೆ ಉಳಿದವು. ಕೆಲವರು ತಮ್ಮ ಪಟ್ಟಿಯನ್ನು ತಾವೇ ಬಿಚ್ಚಿಕೊಂಡು ಹೋದರು. ಶ್ರದ್ಧಾಳ ಗಿಡವೂ ಸತ್ತಿತು. ಅದೇ ಹೊತ್ತಿಗೆ ಚೀಲದವನು ಅವಳಿಗೆ ಫೋನ್ ಮಾಡಿ, ಹೂ ಬಿಡುವ ಕಾಲ, ಇನ್ನಷ್ಟು ತರಲೇ ಎಂದು ಕೇಳಿದನಂತೆ. ಹಿಂದೆ ತಂದದ್ದನ್ನೇ ಕೊಂದಿದ್ದೇವೆ, ಗೇಟಿನ ಹತ್ತಿರ ಕಂಡರೆ ಅರಣ್ಯದವರಿಗೆ ಹಿಡಿದುಕೊಡುತ್ತೇನೆ ಎಂದಳಂತೆ. ವರದಾಬಾಯಿಗೆ ಅದನ್ನು ಬಂದು ಹೇಳಿದ್ದೂ ಅವಳೇ.

ಮೊದಲ ಮಳೆ ಬಿದ್ದ ವಾರ ರಂಗೂಬಾಯಿ ಕೆಳಗಿನಿಂದ ಕೂಗಿದರು. ವರದಾಬಾಯಿ ಇಳಿದು ಬಂದರು. ಬಿಳಿ ಅಂಚಿನ ಪಟ್ಟಿಯ ಕೆಳಗಿನಿಂದ ಹಸಿರು ತುದಿಯ ಹೊಸ ಬೇರೊಂದು ಹೊರಟು ತೊಗಟೆಯ ಬಿರುಕಿನೊಳಗೆ ಹೊಕ್ಕಿತ್ತು. ಮೇಲಿನ ಕವಲುಗಳಲ್ಲೂ ಅಲ್ಲೊಂದು ಇಲ್ಲೊಂದು ಗಿಡಕ್ಕೆ ಬೇರು ಹೊರಟಿದ್ದವು. ರಂಗೂಬಾಯಿ ಗಿಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಅಲುಗಾಡಿಸಿ ನೋಡಿದರು. ಅಲುಗಾಡಲಿಲ್ಲ.

"ಹಿಡದದ," ಎಂದರು.