ತಾಯಕ್ಕ ಒಪ್ಪಿದ ಕೊನೆ

ಭಾನುವಾರದ ಧಾರಾವಾಹಿ ಮುಗಿದು ಹೆಸರುಗಳು ಓಡತೊಡಗಿದ ಕೂಡಲೇ ನಮ್ಮ ನಡುಮನೆಯಲ್ಲಿ ಕೂತಿದ್ದವರೆಲ್ಲ ಟೀವಿಗೆ ಬೆನ್ನು ತಿರುಗಿಸಿ ಅಡುಗೆಮನೆಯ ಬಾಗಿಲ ಕಡೆ ಮುಖ ಮಾಡುತ್ತಿದ್ದರು. ಅಲ್ಲಿ, ಚೌಕಟ್ಟಿಗೆ ಒಂದು ಭುಜ ಒರಗಿಸಿ, ಕೈಗೆ ಮೆತ್ತಿದ ರಾಗಿಹಿಟ್ಟನ್ನು ಉಜ್ಜಿ ಉದುರಿಸುತ್ತ ತಾಯಕ್ಕ ನಿಂತಿರುತ್ತಿದ್ದಳು.

"ತಾಯಕ್ಕ, ಎಂಗೆ? ಸರ್ಯಾಗ್ ಮುಗ್ಸುದ್ನಾ?" ಎಂದು ಯಾರಾದರೂ ಕೇಳುವರು. ಅವಳು ಬಾಯಲ್ಲಿದ್ದ ಎಲೆಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ತಳ್ಳಿ, ಹಿತ್ತಲಿಗೆ ಹೋಗಿ ಉಗಿದು ಬಂದು, ಆಮೇಲೆ ತೀರ್ಪು ಕೊಡುವಳು. ಅಲ್ಲಿಯವರೆಗೆ ಒಬ್ಬರೂ ಮೇಲೇಳುತ್ತಿರಲಿಲ್ಲ.

ಆ ಟೀವಿ ನನ್ನದು. ಇದನ್ನು ಮೊದಲೇ ಹೇಳಿಬಿಡಬೇಕು. ಶ್ರೀರಂಗಪಟ್ಟಣದ ಗಂಜಾಂನಿಂದ ಪಾಂಡವಪುರದ ಹತ್ತಿರದ ಈ ಹಳ್ಳಿಗೆ ನಾನು ಎರಡನೇ ಸೊಸೆಯಾಗಿ ಬಂದಾಗ ನನ್ನಪ್ಪ ಕೊಡಿಸಿದ್ದ ಕಪ್ಪುಬಿಳುಪಿನ ಟೀವಿ, ಮರದ ಶಟರ್ ಇದ್ದದ್ದು. ಆಗೆಲ್ಲ ದೆವ್ವದ ಕತೆ, ಮಾಯಾಮಂತ್ರದ ಕತೆ ಬರುತ್ತಿದ್ದುದು ಹೆಚ್ಚಾಗಿ ಹಿಂದಿಯಲ್ಲಿ. ನಮ್ಮ ಬೀದಿಯಲ್ಲಿ ಹಿಂದಿ ತಿಳಿಯುತ್ತಿದ್ದವಳು ನಾನೊಬ್ಬಳೇ. ಟೀವಿ ನನ್ನದು, ಹಿಂದಿ ನನ್ನದು, ಪಕ್ಕದಲ್ಲಿ ಕೂತು ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸುತ್ತ ಗಂಟಲು ಒಣಗಿಸಿಕೊಳ್ಳುತ್ತಿದ್ದವಳೂ ನಾನೇ. ಕೊನೆಗೆ ಎಲ್ಲರೂ ಕೇಳುತ್ತಿದ್ದುದು ಅವಳನ್ನು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ಯಾರೋ ನಮ್ಮ ಮನೆ ನೋಡಿಯೇ ಕಟ್ಟಿರಬೇಕು. ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಆಸೆ ದೊಡ್ಡದೇನೂ ಆಗಿರಲಿಲ್ಲ. ಒಂದೇ ಒಂದು ಸಲ, ಕತೆ ಮುಗಿದ ಮೇಲೆ, ಯಾರಾದರೂ ನನ್ನ ಕಡೆ ತಿರುಗಿ "ಹೇಗಿತ್ತು ಕೊನೆ?" ಎಂದು ಕೇಳಬೇಕಿತ್ತು.

ತಾಯಕ್ಕ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಪೂರ್ತಿ ಹೆಸರು ಚಿಕ್ಕತಾಯಮ್ಮ. ನಾಗಮಂಗಲದ ಕಡೆಯ ಹೆಣ್ಣು. ಅಗಲವಾದ ಹಣೆ, ಅದಕ್ಕೆ ತಕ್ಕ ಕುಂಕುಮ, ಬೀದಿಯ ಆ ತುದಿಗೆ ಕೇಳಿಸುವ ಗಂಟಲು. ಅವಳು ಕೂತು ಟೀವಿ ನೋಡಿದ್ದನ್ನು ನಾನು ಕಂಡೇ ಇಲ್ಲ. "ಕೂತ್ಕೊ ಅಕ್ಕ" ಎಂದರೆ, "ಕೂತ್ರೆ ಮುದ್ದೆ ಯಾರ್ ತೊಳ್ಸಾರು? ಆ ದೆವ್ವ ಬಂದು ತೊಳ್ಸೀತಾ?" ಎನ್ನುವಳು. ಊಟವೂ ಅಷ್ಟೇ. ಮನೆಮಂದಿಗೆಲ್ಲ ಬಡಿಸಿ, ನನಗೂ ಬಡಿಸಿ, ಕಡೆಗೆ ಒಲೆಯ ಪಕ್ಕ ನಿಂತು ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ತಿಂದು ಮುಗಿಸುವಳು. ದೆವ್ವ ಕಿರುಚಿದಾಗ ನಾವೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಂಡರೆ ಅವಳು ಬಾಗಿಲಲ್ಲಿ ನಿಂತು ನಗುವಳು. "ಪಾಪ, ಅದ್ಕೇ ಯಂಗ್ ಬಯ ಆಗಿರ್ಬೇಕು!"

ಒಮ್ಮೆ ಒಂದು ಮಾಯಾಲೋಕದ ಕತೆ ಬಂತು. ಮಾಟಗಾತಿ ರಾಣಿ, ಕಲ್ಲಾದ ರಾಜಕುಮಾರ, ಬಾಗಿಲೊಳಗೆ ಬಾಗಿಲಿದ್ದ ಗುಹೆ. ಬೇಸಿಗೆಯಲ್ಲಿ ಶುರು ಮಾಡಿದ ಟೀವಿಯವನು ಕಬ್ಬು ಕಡಿಯುವ ಕಾಲದವರೆಗೂ ಎಳೆದ. ಕಡೆಯ ದಿನ ರಾಜಕುಮಾರ ಹಾಸಿಗೆಯಲ್ಲಿ ಕಣ್ಣುಜ್ಜಿಕೊಂಡು ಎದ್ದು, ಇದೆಲ್ಲ ನಾನು ಕಂಡ ಕನಸು ಎಂದುಬಿಟ್ಟ. ನಾನು ಅದನ್ನು ಕನ್ನಡದಲ್ಲಿ ಹೇಳಿ, ಯಾರೂ ಕೇಳುವ ಮುಂಚೆಯೇ, "ಎಷ್ಟು ಚೆನ್ನಾಗಿ ಮುಗಿಸಿದ್ದಾರೆ ಅಲ್ವಾ?" ಎಂದು ಸೇರಿಸಿದೆ. ಒಂದಿಬ್ಬರು ಹೂಂ ಎಂದರು. ಹಾಗೆನ್ನುತ್ತಲೇ ಅಡುಗೆಮನೆಯ ಕಡೆ ತಿರುಗಿದರು.

ತಾಯಕ್ಕ ಉಗಿದು ಬಂದಳು. "ಕನಸಂತೆ! ನೆಂಟ್ರನ್ನ ಪಂಕ್ತೀಲಿ ಕೂರ್ಸಿ, ಎಲೆ ಆಕಿ, ನೀರು ಚುಮುಕ್ಸಿ, ಅಡ್ಗೇನೆ ಮಾಡಿಲ್ಲ ಎದ್ದೋಗ್ರಪ್ಪ ಅಂದಂಗಾಯ್ತು."

ಮನೆ ತುಂಬ ನಗು. ಪಕ್ಕದ ಮನೆಯ ಜವರಮ್ಮ ಮಾತ್ರ ನನ್ನ ಮುಖ ನೋಡಿ, "ಸುಧಾ ಸಂದಾಗದೆ ಅಂದ್ಲಲ್ಲ ತಾಯಕ್ಕ" ಎಂದಳು.

"ಅವ್ಳು ಓದ್ದೋಳು ಕಣಮ್ಮಿ, ಅವ್ಳ್ಗೆ ಇಡುಸಿರ್ಬೌದು. ನಂಗ್ ಇಡುಸ್ಲಿಲ್ಲ ಅಷ್ಟೆಯ."

ಇದನ್ನು ಕೊಂಕಿಗೆ ಹೇಳಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಅವಳು ನಿಜವಾಗಿಯೇ ಹಾಗೆಂದುಕೊಂಡಿದ್ದಳು. ಅಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಲು ಕಷ್ಟದ ಕೆಲಸ, ಆದರೂ ನಾನು ಬಿಡಲಿಲ್ಲ.

ದೆವ್ವದ ಕತೆಗಳಿಗೆ ಅವಳದೇ ಒಂದು ಕಾಯಿದೆ ಇತ್ತು. "ದೆವ್ವ ಸುಮ್ಸುಮ್ನೆ ಬರಾಕಿಲ್ಲ. ಏನೋ ಕೇಳಕ್ ಬತ್ತದೆ. ಅದ್ ಕೇಳಿದ್ದ ಕೊಟ್ಟು ಕಳುಸುದ್ರೆ ಕತೆ. ನಿಂಬೆಅಣ್ಣು ಕುಯ್ದು ಓಡ್ಸುದ್ರೆ ಅದೊಂದ್ ಕತೆನಾ?" ನಗಿಸುವ ದೆವ್ವವಾದರಂತೂ ಕಾಯಿದೆ ಇನ್ನೂ ಬಿಗಿ. "ವಾರವಾರ್ವೂ ನಗ್ಸುದ್ದ ಕೊನೇಲಿ ಸುಟ್ಟಾಕ್ಬುಡಾದಾ? ಉಂಡ್ ಮನೆ ಜಂತೆ ಎಣ್ಸಾ ಬುದ್ದಿ ಅದು."

ಈ ಮಾತು ಅವಳಿಗೆ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಒಂದು ಮಾರ್ನಮಿ ಹಬ್ಬದಲ್ಲಿ. ಸತ್ತ ಹಿರಿಯರಿಗೆ ನಾವು ಆಗ ಎಡೆ ಇಕ್ಕುತ್ತೇವೆ. ಯಾರಿಗೆ ಏನು ಇಷ್ಟವೋ ಅದನ್ನು ಎಲೆಗೆ ಬಡಿಸಿ, ಮಾವನಿಗೆ ಬೀಡಿ, ಅಜ್ಜಿಗೆ ಸೀರೆ ಇಟ್ಟು, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಂಡು ಹೋದರು ಎನ್ನಿಸುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಆ ವರ್ಷ ಎಡೆಗೆ ಬಡಿಸುತ್ತ ತಾಯಕ್ಕ, "ವಸಿ ಜಾಸ್ತಿ ಇಕ್ಕು ಸುಧಾ, ಅಷ್ಟ್ ದೂರ್ದಿಂದ ಬತ್ತಾರೆ" ಎಂದಳು. ಆಗ ಹೊಳೆಯಿತು. ಟೀವಿಯ ದೆವ್ವಗಳೂ ಅವಳಿಗೆ ಎಡೆಗೆ ಬಂದ ನೆಂಟರೇ. ಎಡೆ ಇಕ್ಕುವ ಮನೆಯಲ್ಲೇ ನಾನೂ ಹುಟ್ಟಿದವಳು. ನನಗೇಕೆ ಇದು ತೋಚಲಿಲ್ಲ? ಅವಳ ಬೇರೆಲ್ಲದಕ್ಕಿಂತ ಈ ಒಂದಕ್ಕೆ ನಾನು ಹೆಚ್ಚು ಹೊಟ್ಟೆಕಿಚ್ಚು ಪಟ್ಟೆ.

ಆಮೇಲೆ ಬಂತು ಮುದುಕಿ ದೆವ್ವದ ಕತೆ. ಹಳೆಯ ದೊಡ್ಡ ಮನೆ, ಅದಕ್ಕೆ ಬಾಡಿಗೆಗೆ ಬಂದ ಸಂಸಾರ, ಅಟ್ಟದ ಮೇಲೊಂದು ಮುದುಕಿ ದೆವ್ವ. ಇವರು ಊಟಕ್ಕೆ ಕೂತಾಗಲೇ ಅದರ ಚೇಷ್ಟೆ. ತಟ್ಟೆ ಎತ್ತುವುದು, ಪಾಯಸಕ್ಕೆ ಉಪ್ಪು ಸುರಿಯುವುದು, ಉಪ್ಪಿನಕಾಯಿ ಜಾಡಿ ಬಚ್ಚಿಡುವುದು. ಯಾಕೆ ಹೀಗೆ ಮಾಡುತ್ತದೆಂದು ಯಾರಿಗೂ ಗೊತ್ತಿಲ್ಲ. ತಾಯಕ್ಕನಿಗೆ ಅದರ ಹುಚ್ಚೇ ಹಿಡಿಯಿತು. ಕತೆ ಮುಗಿಯುವ ಹೊತ್ತಿಗೆ ಮನೆಯವರು ಮಂತ್ರವಾದಿಯನ್ನು ಕರೆಸಿದರು. ಅವನ ಕೈಯಲ್ಲೊಂದು ಸೀಸೆ. "ಮುದ್ಕಿಗೆ ಏನ್ ಮಾಡ್ತಾನೋ ಆ ಮೂದೇವಿ" ಎಂದು ತಾಯಕ್ಕ ವಾರವೆಲ್ಲ ಗೊಣಗಿದಳು.

ಆದರೆ ಕಡೆಯ ಭಾನುವಾರ ಅವಳು ಮನೆಯಲ್ಲಿರಲಿಲ್ಲ. ಬಹಳ ದಿನದಿಂದ ನುಂಗಿಕೊಂಡಿದ್ದ ಹೊಟ್ಟೆನೋವು ಮೀರಿ, ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನು ಮಾಡಿಸಿ ಮಲಗಿಸಿದ್ದರು. ಎಂದಿನಂತೆ ನಡುಮನೆ ತುಂಬಿತ್ತು. ಇವತ್ತಾದರೂ ನನ್ನನ್ನೇ ಕೇಳಬೇಕಾಗುತ್ತದೆ ಎಂದು ನಾನು ತಲೆ ಬಾಚಿ, ಹೂ ಮುಡಿದು ಕೂತಿದ್ದೆ. ಸುಳ್ಳೇಕೆ ಹೇಳಲಿ? ಮಂತ್ರವಾದಿ ಸೀಸೆ ಎತ್ತಿದ. ಮುದುಕಿ ಗೋಡೆಯ ಮೂಲೆಗೆ ಸರಿದು, ಏನೋ ಹೇಳಲು ಬಾಯಿ ತೆರೆದಳು. ಕರೆಂಟು ಹೋಯಿತು. ವಾರ್ತೆ ಮುಗಿಯುವವರೆಗೂ ಬರಲಿಲ್ಲ. ಊರಿಗೆಲ್ಲ ಒಂದೇ ಲೈನು, ಒಬ್ಬರೂ ಕೊನೆ ಕಾಣಲಿಲ್ಲ.

ಮಾರನೆಯ ದಿನ ಶ್ರೀರಂಗಪಟ್ಟಣದ ಮೇಲೆ ಬಸ್ಸು ಹಿಡಿದು ಆಸ್ಪತ್ರೆಗೆ ಹೋದೆ. ತಾಯಕ್ಕ ಬೆಳ್ಳಗೆ ಬಿಳಿಚಿ ಮಲಗಿದ್ದಳು. ಅವಳು ಮಲಗಿದ್ದನ್ನು ಹಗಲು ಹೊತ್ತಿನಲ್ಲಿ ನಾನು ಕಂಡದ್ದೇ ಮೊದಲು. ನಾನು ಚೀಲ ಕೆಳಗಿಡುವ ಮೊದಲೇ ಕೈ ಹಿಡಿದೆಳೆದು, "ಯೋಳಮ್ಮಿ, ಎಂಗ್ ಮುಗೀತು?" ಎಂದಳು.

ಎಷ್ಟು ವರ್ಷದಿಂದ ಕಾದಿದ್ದ ಮಾತು! ಅದೂ ಅವಳ ಬಾಯಿಂದಲೇ. ಕೇಳಿದ ಆ ಒಂದೇ ಒಂದು ಸಲವೂ ಗೊತ್ತಿಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಹೇಳತೊಡಗಿದೆ.

"ಮಂತ್ರವಾದಿ ಸೀಸೆ ಎತ್ತಿದ ಅಕ್ಕ. ಅಷ್ಟರಲ್ಲಿ ಮನೆಯ ಕಿರಿ ಸೊಸೆ ಅಡ್ಡ ಬಂದಳು. 'ತಡೀರಿ, ಈ ಅಜ್ಜಿ ನಾವು ಉಣ್ಣುವಾಗಲೇ ಯಾಕೆ ಬರುತ್ತೆ ಅಂತ ಒಬ್ಬರಾದರೂ ಕೇಳಿದ್ರಾ?' ಅಂದಳು. ಒಂದು ಎಲೆ ಹಾಕಿ, 'ಅಜ್ಜಿ, ಬಂದು ಕೂತ್ಕೊ' ಅಂದಳು. ಆ ಮುದುಕಿ ಬದುಕಿದ್ದಾಗ ಎಲ್ಲರಿಗೂ ಬಡಿಸಿದ್ದೇ ಬಡಿಸಿದ್ದು. ಅವಳನ್ನ ಕೂರಿಸಿ ಬಡಿಸಿದವರು ಒಬ್ಬರೂ ಇರಲಿಲ್ಲವಂತೆ. ಕೂತಳು. ಎರಡನೇ ಸಲ ಹಾಕಿಸಿಕೊಂಡು ಉಂಡಳು. ಎಲ್ಲರೂ ಕಣ್ಣೊರೆಸಿಕೊಳ್ತಾ ನಿಂತಿದ್ದರೆ, ಕೈ ತೊಳೆದು, 'ಸಾರಿಗೆ ಉಪ್ಪು ಕಮ್ಮಿ' ಅಂದು ಹೊರಟುಹೋದಳು."

ಎಲ್ಲಿಂದ ಬಂತೋ ಗೊತ್ತಿಲ್ಲ. ಹೇಳಿ ಮುಗಿಸಿದ ಮೇಲೆ, ಆ ಮುದುಕಿಗೆ ನಾನು ಮನಸ್ಸಿನಲ್ಲೇ ತಾಯಕ್ಕನ ಅಗಲವಾದ ಹಣೆ ಕೊಟ್ಟು ನೋಡುತ್ತಿದ್ದೆನೆಂದು ತಿಳಿಯಿತು.

"ಉಪ್ಪು ಕಮ್ಮಿ ಅಂದ್ಲಾ?" ತಾಯಕ್ಕ ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕಳು. ನರ್ಸು ಬಂದು ಗದರಿದಳು. ಸುಧಾರಿಸಿಕೊಂಡ ಮೇಲೆ ತಾಯಕ್ಕ ಮೆಲ್ಲಗೆ, "ಸಂದಾಗ್ ಮುಗ್ಸವ್ನೆ ಕಣಮ್ಮಿ. ಇಷ್ಟ್ ದಿನಕ್ಕೆ ಒಬ್ನಾರೂ ಸರ್ಯಾಗ್ ಮುಗ್ಸುದ" ಎಂದಳು.

ಬಸ್ಸಿನಲ್ಲಿ ಬರುತ್ತ ಹಿಗ್ಗಿದೆ. ಬಾಬುರಾಯನಕೊಪ್ಪಲು ದಾಟುವಷ್ಟರಲ್ಲಿ ಆ ಹಿಗ್ಗಿಗೂ ಹುಳಿ ಬಿತ್ತು. ಹೊಗಳಿಸಿಕೊಂಡವನು ಯಾರೋ ಟೀವಿಯವನು. ಇಲ್ಲದ ಗಂಡಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಮನೆಗೆ ಬಂದ ತಾಯಕ್ಕನಿಗೆ ಡಾಕ್ಟರು ಕೂತೇ ಇರಬೇಕೆಂದು ಕಟ್ಟಪ್ಪಣೆ ಮಾಡಿದ್ದರು. ಅವಳು ಜಗಲಿಯ ಮೇಲೆ ಕೂತು, ನೋಡಲು ಬಂದವರಿಗೆಲ್ಲ ಆ ಕೊನೆಯನ್ನು ಹೇಳಿದಳು. ಮೈಸೂರಿನಲ್ಲಿ ಕರೆಂಟು ಹೋಗಿರಲಿಕ್ಕಿಲ್ಲ, ಆಸ್ಪತ್ರೆಯ ಟೀವಿಯಲ್ಲಿ ನೋಡಿರಬೇಕೆಂದು ಎಲ್ಲರೂ ನಂಬಿದರು. ಅವಳು ಹೇಳುತ್ತ ಹೋದಂತೆಲ್ಲ ಕತೆಯ ಮುದುಕಿ ತೇಗಿದಳು, ಎಲೆಅಡಿಕೆ ಕೇಳಿದಳು, ಮಂತ್ರವಾದಿಯ ಸೀಸೆಯಲ್ಲಿ ನೀರು ತರಿಸಿ ಕುಡಿದಳು. ಕೇಳಿದವರೇ ಮತ್ತೆ ಬಂದು ಕೇಳಿದರು. ಇರುವೆ ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು. ನಾನು ಒಳಗೆ ಮುದ್ದೆ ತೊಳಸುತ್ತ, ನನ್ನ ಕತೆಗೆ ಬೀದಿಯೇ ನಗುವುದನ್ನು ಕೇಳಿಸಿಕೊಳ್ಳುತ್ತಿದ್ದೆ.

ಹಬ್ಬಕ್ಕೆಂದು ನನ್ನ ನಾದಿನಿ ಮಂಜುಳ ಮಾಕವಳ್ಳಿಯಿಂದ ಬಂದಳು. ಅವಳ ಗಂಡನಿಗೆ ಅಲ್ಲಿ ಸಕ್ಕರೆ ಫ್ಯಾಕ್ಟರಿಯಲ್ಲಿ ಕೆಲಸ. ಜಗಲಿಯಲ್ಲಿ ಕತೆ ಕೇಳಿ ಅವಳು, "ಯಾವ್ ಎಲೆ ಅತ್ಗೆ? ಮಂತ್ರವಾದಿ ಆ ಮುದ್ಕೀನ ಸೀಸೇಲಿ ತುಂಬಿ ಬಾವಿಗ್ ಎಸುದ್ನಲ್ಲ! ಪ್ಯಾಕ್ಟ್ರಿ ತಾವ ಕರೆಂಟು ಓಗಾಕಿಲ್ಲ, ನಾನೇ ಕಣ್ಣಾರ ನೋಡಿವ್ನಿ" ಎಂದಳು. ಎಲ್ಲರ ಮುಖ ತಾಯಕ್ಕನ ಕಡೆ ತಿರುಗಿತು. ಬಾಗಿಲಲ್ಲಿ ನಿಂತಿದ್ದ ನಾನು ಒಂದು ಹೆಜ್ಜೆ ಒಳಗೆ ಸರಿದೆ.

ತಾಯಕ್ಕ ನನ್ನ ಕಡೆ ನೋಡಲಿಲ್ಲ. ಹಿತ್ತಲಿಗೆ ಹೋಗುವಂತಿರಲಿಲ್ಲವಾದ್ದರಿಂದ ಪಕ್ಕದ ಚರಂಡಿಗೆ ಉಗಿದು, "ನಿಮ್ ಮಾಕೋಳ್ಳೀಲಿ ಅಂಗ್ ಮುಗುದಿರ್ಬೌದು ಕಣವ್ವ. ನಮ್ಮೂರಲ್ಲಿ ಇಂಗೇ ಮುಗುದಿರಾದು" ಎಂದಳು. ಜಗಲಿಯೆಲ್ಲ ಗೊಳ್ಳೆಂದಿತು. ಮಂಜುಳಳೂ ನಕ್ಕಳು.

ಆಮೇಲೆ ಅವಳಿಗೆ ಗಂಜಿ ಕೊಡುವಾಗ ಕೇಳಿದೆ. "ಅಕ್ಕ, ನಿಂಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಾಯ್ತು ಬುಡು. ಟೀವಿಯೋರ್ಗೆ ಅಷ್ಟ್ ಬುದ್ದಿ ಎಲ್ಲಿಂದ ಬತ್ತದೆ?"

"ಮತ್ತೆ ನಂದು ಅಂತ ಒಬ್ಬರಿಗೂ ಹೇಳಲಿಲ್ಲ!"

"ನಿಂದು ಅಂದಿದ್ರೆ ಸುಳ್ಳು ಅನ್ನೋರು ಕಣಮ್ಮಿ. ಟೀವೀಲಿ ಬಂತು ಅಂದ್ರೆ ನಂಬ್ತಾರೆ." ಅದು ನಿಜವೇ. ನಿಜವಾದ್ದರಿಂದ ಇನ್ನಷ್ಟು ಉರಿಯಿತು.

ಕೆಲವು ವರ್ಷ ಚೆನ್ನಾಗಿದ್ದಳು. ಮತ್ತೆ ಅದೇ ಕಾಯಿಲೆ ತಿರುಗಿಕೊಂಡಿತು. ಆಸ್ಪತ್ರೆಗೆ ಕರೆದೊಯ್ಯಲು ಕಾರಿನಲ್ಲಿ ಕೂರಿಸುವಾಗ ನನ್ನನ್ನು ಕಿಟಕಿಯ ಹತ್ತಿರ ಕರೆದು, "ಆ ಅವಳಿಜವಳಿ ದೆವ್ವದ್ದು ಒಸಾದು ಸುರುವಾಗದಲ್ಲ, ಬುಡ್ದೆ ನೋಡ್ಕಂಡಿರು. ಬಂದು ಕೇಳ್ತೀನಿ" ಎಂದಳು. ಬರಲಿಲ್ಲ.

ಆ ವರ್ಷದ ಮಾರ್ನಮಿಗೆ ಅವಳಿಗೂ ಎಡೆ. ನಡುಮನೆಯಲ್ಲಿ ಟೀವಿಯ ಮುಂದೆಯೇ ಎಲೆ ಹಾಕಿ, ಮುದ್ದೆ, ಕೋಳಿಸಾರು, ಎಲೆಅಡಿಕೆ, ಹೊಸ ಸೀರೆ ಇಟ್ಟೆ. ಕೂರಲಿ ಎಂದು ಒಂದು ಮಣೆಯನ್ನೂ ಹಾಕಿದೆ. ಎಲ್ಲರನ್ನೂ ಹೊರಗೆ ಕಳಿಸಿ, ನಾನೊಬ್ಬಳೇ ಒಂದು ಗಳಿಗೆ ಹಿಂದುಳಿದು, ಅವಳಿಜವಳಿ ದೆವ್ವದ ಕತೆ ಹೇಗೆ ಮುಗಿಯಿತೆಂದು ಅವಳಿಗೆ ಹೇಳಿದೆ. ಬಂದು ಕೇಳ್ತೀನಿ ಎಂದಿದ್ದಳಲ್ಲ. ಆಮೇಲೆ ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಕಾಯುವ ಹೊತ್ತಿನಲ್ಲಿ ಜವರಮ್ಮ, "ಆ ಮುದ್ಕಿ ಕತೆ ಯೋಳವ್ವ ಸುಧಾ" ಎಂದಳು. ಹೇಳಿದೆ. ಅರ್ಧಕ್ಕೇ ತಡೆದು, "ಅಂಗಲ್ಲ. ತೇಗುದ್ಲು ಅನ್ನಾದ್ನೇ ಬುಟ್ಬುಟ್ಟೆ. ತಾಯಕ್ಕ ಎಷ್ಟ್ ಸಂದಾಗ್ ಯೋಳೋಳು!" ಎಂದಳು. ನನ್ನ ಕತೆಯನ್ನು ನನಗೇ ತಿದ್ದಿದಳು. ಉಳಿದವರೆಲ್ಲ ಹೂಂಗುಟ್ಟಿ, ಮುಚ್ಚಿದ ಬಾಗಿಲ ಕಡೆ ತಿರುಗಿ ನಿಂತರು. ಸತ್ತ ಮೇಲೂ ಎಲ್ಲರ ಮುಖ ಅವಳ ಕಡೆಗೇ. ನನಗೆ ಎಂದಿನಂತೆ ಹೊಟ್ಟೆಕಿಚ್ಚಾಯಿತು.

ನಾನೂ ಬಾಗಿಲ ಕಡೆ ತಿರುಗಿ, ಕಿವಿಗೊಟ್ಟು ನಿಂತೆ. ಸಾರಿಗೆ ಬೇಕೆಂದೇ ಉಪ್ಪು ಕಮ್ಮಿ ಹಾಕಿದ್ದೆ.