ಏಣಿಯಿಂದ ಬಿದ್ದ ಮೂವರು

ನಮ್ಮ ಅತ್ತಿಗೆಯ ಕೆಲಸ ಏನೆಂದು ಯಾರಾದರೂ ಕೇಳಿದರೆ ಅಣ್ಣ ಮೆಲ್ಲಗೆ ಎದ್ದು ಒಳಗೆ ಹೋಗುತ್ತಾನೆ. ವಿವರಿಸುವ ಭಾರ ನನ್ನ ತಲೆಗೆ ಬರುತ್ತದೆ. ಅವಳು ಡಾಕ್ಟರಲ್ಲ, ನರ್ಸೂ ಅಲ್ಲ. ಒಂದು ಔಷಧಿಯನ್ನು ಬೇರೆ ಬೇರೆ ಊರಿನ ಆಸ್ಪತ್ರೆಗಳು ರೋಗಿಗಳಿಗೆ ಕೊಟ್ಟು ನೋಡಿ ಬರೆದ ವರದಿಗಳನ್ನೆಲ್ಲ ಒಟ್ಟುಹಾಕಿ, ಅದರಿಂದ ಗುಣ ಎಷ್ಟು, ಕೆಡುಕು ಎಷ್ಟು ಎಂದು ಡಾಕ್ಟರುಗಳಿಗೆ ತಿಳಿಸುವ ಕಚೇರಿಯೊಂದಿದೆ. ಅಲ್ಲಿ ಕೂತು ವರದಿ ಓದುವುದು ಅವಳ ಕೆಲಸ. ಹನ್ನೊಂದು ವರ್ಷದ ಈ ಅಭ್ಯಾಸ ನಾಲಿಗೆಗೂ ಹತ್ತಿಬಿಟ್ಟಿದೆ. 'ಈ ಎಣ್ಣೆ ಹಚ್ಚಿದ್ರೆ ಕೂದ್ಲು ಬರುತ್ತಂತೆ' ಎಂದು ನಾನೊಂದು ಸೀಸೆ ತಂದರೆ, 'ಎಷ್ಟು ಜನಕ್ಕೆ ಹಚ್ಚಿ ನೋಡಿದ್ರು? ಹಚ್ಚದೇ ಇದ್ದೋರಿಗೆ ಏನಾಯ್ತು?' ಅನ್ನುತ್ತಾಳೆ. ನನ್ನ ತಲೆ ಬೋಳಾಗಿರುವುದರಲ್ಲಿ ಅವಳ ಪಾಲೂ ಇದೆ.

ಆ ಕಚೇರಿಯಲ್ಲಿ ಒಂದು ಕಟ್ಟುನಿಟ್ಟು. ಪ್ರತಿ ವರದಿಯನ್ನೂ ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕೂತು ಓದಬೇಕು. ಇಬ್ಬರೂ ಮುಗಿಸುವ ತನಕ ಕಂಡದ್ದನ್ನು ಬಾಯಿಬಿಡುವಂತಿಲ್ಲ. ಒಬ್ಬರು ಹೇಳಿಬಿಟ್ಟರೆ ಇನ್ನೊಬ್ಬರ ಕಣ್ಣು ಅದನ್ನೇ ಹುಡುಕುತ್ತದಂತೆ. ಮನೆಯಲ್ಲಿ ಸದಾ ಪಟಪಟ ಮಾತಾಡುವ ಅತ್ತಿಗೆ ಅಲ್ಲಿ ಹೇಗೆ ಬಾಯಿಗೆ ಬೀಗ ಹಾಕಿಕೊಂಡಿರುತ್ತಾಳೋ, ದೇವರೇ ಬಲ್ಲ.

ನಮ್ಮಮ್ಮ ದರ್ಜಿ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಕೀಲು ಊದುವ ಕಾಯಿಲೆ ಬಂದು ಎರಡು ವರ್ಷ ಸೂಜಿ ಹಿಡಿಯಲಾಗದೆ ಮೂಲೆ ಸೇರಿದ್ದಳು. ಸಿಕ್ಕಸಿಕ್ಕವರ ಮೇಲೆ ಹರಿಹಾಯುತ್ತಿದ್ದಳು. ಕಡೆಗೆ ಡಾಕ್ಟರು ಒಂದು ಹೊಸ ಮಾತ್ರೆ ಬರೆದುಕೊಟ್ಟರು. ನಾಲ್ಕೇ ತಿಂಗಳಲ್ಲಿ ಅಮ್ಮ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತಳು. ಬೈಗುಳವೂ ಅರ್ಧಕ್ಕರ್ಧ ಇಳಿಯಿತು.

ಅಷ್ಟರಲ್ಲಿ ಅತ್ತಿಗೆಯ ಕಚೇರಿಯ ಕರಡು ವರದಿ ಆಸ್ಪತ್ರೆಗಳಿಗೆ ಹೋಯಿತು. ಅದೇ ಮಾತ್ರೆಯ ಬಗ್ಗೆ. ಯಕೃತ್ತಿಗೆ ಆಗುವ ಕೆಡುಕು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಎಂದು ಅದರಲ್ಲಿತ್ತು. 'ಪೂರ್ತಿ ವರದಿ ಬರೋವರೆಗೆ ನಿಲ್ಲಿಸಿಬಿಡೋಣಮ್ಮ' ಎಂದರು ಡಾಕ್ಟರು. ನಿಲ್ಲಿಸಿ ಹತ್ತು ದಿನಕ್ಕೆ ಬೆರಳುಗಳು ಊದಿಕೊಂಡವು. ನೀರಿನ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿಯಬೇಕಾಯಿತು. ಒಂದೇ ತೋಳು ಕೂಡಿಸಿದ ಕೋಟು ಯಂತ್ರದ ಮೇಲೆ ಹಾಗೇ ಬಿದ್ದಿತ್ತು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. 'ಅತ್ತಿಗೆ, ನಿಮ್ಮ ಆಫೀಸು ಅಮ್ಮನ ಕೈಯನ್ನೇ ಕಿತ್ಕೊಳ್ತು' ಎಂದುಬಿಟ್ಟೆ.

ಅವಳು ಜಗಳಕ್ಕೆ ಬರಲಿಲ್ಲ. 'ಆಫೀಸಲ್ಲ ಕಣೋ. ಆ ವರದಿಗಳನ್ನ ಓದಿದ್ದು ನಾನೇ. ಅತ್ತೆ ಆ ಮಾತ್ರೆ ಶುರುಮಾಡೋಕೆ ಒಂದು ವರ್ಷ ಮುಂಚೆ' ಎಂದಳು.

ಮರುದಿನ ಅತ್ತಿಗೆ ತನ್ನ ಮೇಲಧಿಕಾರಿಯ ಮುಂದೆ ನಿಂತಳು. ತನ್ನತ್ತೆಯೇ ಆ ಮಾತ್ರೆ ನುಂಗುತ್ತಿದ್ದರು ಎಂದು ಮೊದಲು ತಿಳಿಸಿ, ತಾನು ಓದಿದ್ದನ್ನು ಇನ್ನೊಮ್ಮೆ ನೋಡಲೇ ಎಂದು ಕೇಳಿದಳು. ಆ ಹೆಂಗಸು ಬಲು ಖಡಕ್ಕು. 'ನೋಡು. ಆದ್ರೆ ತೀರ್ಮಾನ ನಿನ್ನ ಕೈಲಿಲ್ಲ. ಏನಾದ್ರೂ ಸಿಕ್ರೆ ನನಗೊಬ್ಬಳಿಗೇ ಹೇಳು. ಹೊಸಬರಿಬ್ಬರ ಕೈಲಿ ಓದಿಸ್ತೀನಿ, ಅವರಿಗೂ ಅದು ಕಾಣಬೇಕು. ಅಲ್ಲೀವರೆಗೆ ಮನೇಲೂ ಉಸಿರೆತ್ತಬೇಡ' ಎಂದರಂತೆ.

ಮೂರನೆಯ ದಿನದಿಂದ ಅತ್ತಿಗೆ ಮಾತು ಬಿಟ್ಟಳು. ಊಟಕ್ಕೆ ಕೂತರೆ ತಟ್ಟೆ ನೋಡುತ್ತಾಳೆ, ಅಮ್ಮನ ಬೆರಳು ನೋಡುತ್ತಾಳೆ, ಎದ್ದು ಹೋಗುತ್ತಾಳೆ. ಆ ಮಾತ್ರೆಯ ಕತೆ ಮುಗಿಯಿತು, ಹೇಳಲಾಗದೆ ಒದ್ದಾಡುತ್ತಿದ್ದಾಳೆ ಎಂದುಕೊಂಡೆ. ಅಣ್ಣನಂತೂ ಮೊದಲೇ ಮಾತಿನ ಬಡವ.

ಇನ್ನೂ ಆರು ದಿನ ಹೀಗೇ ಕಳೆದವು. ಏಳನೆಯ ದಿನ ಮಧ್ಯಾಹ್ನವೇ ಅತ್ತಿಗೆ ಮನೆಗೆ ಬಂದಳು. ಚಪ್ಪಲಿಯನ್ನೂ ಬಿಡದೆ ಸೀದಾ ಅಮ್ಮನ ಕೋಣೆಗೆ ನುಗ್ಗಿ ನೆಲದ ಮೇಲೆ ಕೂತುಬಿಟ್ಟಳು.

'ಅತ್ತೆ, ಏಣಿ ಮೇಲಿಂದ ಒಬ್ಬ ಬಿದ್ದಿದ್ದ' ಎಂದಳು.

'ಅಯ್ಯೋ, ಯಾರು? ಪೆಟ್ಟಾಯ್ತಾ?' ಎಂದಳು ಅಮ್ಮ.

ಅತ್ತಿಗೆ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾ ಬಿಡಿಸಿ ಹೇಳಿದಳು. ಪ್ರಯೋಗದ ನಡುವೆ ಯಾರಾದರೂ ಬಿಟ್ಟುಹೋದರೆ ಕಾರಣವನ್ನು ವರದಿಯ ಕೊನೆಯಲ್ಲಿ ಚಿಕ್ಕಕ್ಷರದಲ್ಲಿ ಬರೆಯುತ್ತಾರೆ. ಒಂದು ವರದಿಯಲ್ಲಿ, ಒಂಬತ್ತನೆಯ ವಾರ ಒಬ್ಬ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಬಿಟ್ಟುಹೋದ ಎಂದಿತ್ತು. ಇನ್ನೊಂದು ವರದಿಯಲ್ಲೂ ಒಬ್ಬ ಏಣಿಯಿಂದ ಬಿದ್ದಿದ್ದ, ಅದೂ ಒಂಬತ್ತನೆಯ ವಾರ. ಮೂರನೆಯದರಲ್ಲಿ ಮತ್ತೊಬ್ಬ. ಅಚ್ಚಾದದ್ದು ಮೂರು ವೈದ್ಯ ಪತ್ರಿಕೆಗಳಲ್ಲಿ, ಮೂರು ಬೇರೆ ವರ್ಷಗಳಲ್ಲಿ, ಬರೆದವರ ಹೆಸರುಗಳ ಸಾಲು ಹಿಂದುಮುಂದು. ಅತ್ತಿಗೆಯೂ ಅವಳ ಜೊತೆಗಾರನೂ ಅವನ್ನು ಮೂರು ಪ್ರಯೋಗಗಳೆಂದೇ ಎಣಿಸಿದ್ದರು. ರೋಗಿಗಳು ಮಾತ್ರ ಮೂರರಲ್ಲೂ ಅದೇ ಜನ. ಯಕೃತ್ತು ಕೆಟ್ಟ ಒಂಬತ್ತು ಮಂದಿ ಕರಡಿನಲ್ಲಿ ಇಪ್ಪತ್ತೇಳಾಗಿದ್ದರು. ಬೇರೆ ಊರುಗಳ ವರದಿಗಳಲ್ಲಿ ಅಂಥವರು ಅಪರೂಪ, ಈ ಒಂದೇ ಗುಂಪು ಮೂರು ಸಲ ಎಣಿಕೆಗೆ ಬಂದು ಒಟ್ಟು ಲೆಕ್ಕವನ್ನೇ ಮೇಲಕ್ಕೆಳೆದಿತ್ತು.

ಹೊಸ ಓದುಗರಿಬ್ಬರೂ, ಯಾರೂ ಹೇಳದೆಯೇ, ಅದೇ ಏಣಿಯ ಬುಡಕ್ಕೆ ಬಂದು ನಿಂತರಂತೆ. ವರದಿ ಬರೆದವರಿಗೆ ಪತ್ರ ಹೋಯಿತು. ಹೌದು, ಮೂರೂ ಒಂದೇ ಗುಂಪು ಎಂದು ಆ ದಿನ ಬೆಳಿಗ್ಗೆ ಉತ್ತರ ಬಂದಿತ್ತು. ತಪ್ಪು ಮಾಡಿದ್ದು ತಾನೇ ಎಂದು ಅತ್ತಿಗೆ ಎಲ್ಲರೆದುರು ಒಪ್ಪಿಕೊಂಡು ಬಂದಿದ್ದಳು. ಡಾಕ್ಟರಿಗೂ ವಿಷಯ ಮುಟ್ಟಿತ್ತು. ಮಾತ್ರೆ ಶುರುಮಾಡಬಹುದು, ಆರು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾತ್ರ ತಪ್ಪಿಸಬಾರದು.

'ಕೆಡುಕು ಇಲ್ಲವೇ ಇಲ್ಲ ಅಂತಲ್ಲ ಅತ್ತೆ. ಕಮ್ಮಿ, ಅಷ್ಟೇ' ಎಂದಳು ಅತ್ತಿಗೆ. ಇಷ್ಟು ಸಂತೋಷದಲ್ಲೂ ಅಷ್ಟು ಹೇಳದೆ ಬಿಡಲಿಲ್ಲ.

ಅಣ್ಣ ಬಾಗಿಲಲ್ಲೇ ನಿಂತು ಮೂಗು ಸೀಟಿಕೊಂಡ. ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. 'ಒಂದು ವೇಳೆ ಆ ಇಪ್ಪತ್ತೇಳೇ ನಿಜ ಆಗಿದ್ರೆ ಏನ್ಮಾಡ್ತಿದ್ರಿ?' ಎಂದೆ.

'ಅದನ್ನೂ ಬಂದು ಹೇಳ್ತಿದ್ದೆ. ಮನೇಲಿ ಮಿಕ್ಕಿದ್ದ ಮಾತ್ರೆನೂ ನಾನೇ ತೆಗೆದು ಎಸೀತಿದ್ದೆ' ಎಂದಳು ಅತ್ತಿಗೆ.

ಅಮ್ಮ ಮಾತ್ರೆಯ ಡಬ್ಬಿ ಎತ್ತಿ ಸೊಸೆಯ ಮುಂದೆ ಹಿಡಿದಳು. ಊದಿದ ಬೆರಳಿನಲ್ಲಿ ಮುಚ್ಚಳ ತೆರೆಯಲಾಗುತ್ತಿರಲಿಲ್ಲ.

'ನೀನು ಎಸೀತಿದ್ದೆ ಅಂತ ನಂಗೊತ್ತು. ಅದಕ್ಕೇ, ಈಗ ನಿನ್ನ ಕೈಯಾರೆ ಕೊಡು, ನುಂಗ್ತೀನಿ' ಎಂದಳು.