ಕರುಳಿನ ಕಿಣ್ವ ಮತ್ತು ಲ್ಯಾಬಿನ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳು ಹೊರಕ್ಕೆ ಸ್ವಲ್ಪ ಸೊಟ್ಟಗಾಗಿತ್ತು. ಮೇಣದಲ್ಲಿ ಹುದುಗಿಸಿದ ಇಲಿಯ ಕರುಳನ್ನು ಕೂದಲಿಗಿಂತ ತೆಳುವಾದ ಪದರಗಳಾಗಿ ಕತ್ತರಿಸುವ ಯಂತ್ರದ ಚಕ್ರವನ್ನು ಇಪ್ಪತ್ತೈದು ವರ್ಷ ತಿರುಗಿಸಿದ ಕೈ ಅದು. ಮೈಸೂರಿನ ನಮ್ಮ ಸಂಶೋಧನಾ ಲ್ಯಾಬಿನಲ್ಲಿ ಅವರು ಟೆಕ್ನಿಷಿಯನ್. ಉದಯಗಿರಿಯಿಂದ ಸಿಟಿ ಬಸ್ಸಿನಲ್ಲಿ ಬರುತ್ತಿದ್ದರು. ಓದಿದ್ದು ಪಿಯುಸಿ. ಕತ್ತರಿಸುವಾಗ ಫ್ಯಾನ್ ಆರಿಸಿ, ಪದರ ಹಾರಿಹೋದೀತೆಂದು ತಾವೂ ಉಸಿರು ಬಿಗಿಹಿಡಿಯುತ್ತಿದ್ದರು.

ನಾನು ಪಿಎಚ್‌.ಡಿ.ಗೆ ಸೇರಿದ ವಾರವೇ, "ಏನ್ ಹುಡುಕ್ತಾ ಇದೀರಮ್ಮ?" ಎಂದು ಕೇಳಿದರು. ಹೇಳಿದೆ: ಕರುಳಿನ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ಹಾರ್ಮೋನು ತಯಾರಿಸುವ ಜೀವಕೋಶಗಳಿವೆ. ಅವು ಮೊದಲು ಉದ್ದನೆಯ ಪ್ರೋಟೀನೊಂದನ್ನು ಮಾಡುತ್ತವೆ. ಕಿಣ್ವವೊಂದು ಅದನ್ನು ಸರಿಯಾದ ಜಾಗದಲ್ಲಿ ಕತ್ತರಿಸಿದರೆ ಮಾತ್ರ ಹಾರ್ಮೋನು ಹೊರಬರುತ್ತದೆ. ಆ ಕಿಣ್ವವನ್ನೇ ನಾನು ಹುಡುಕುತ್ತಿರುವುದು. ಅದೇ ಪ್ರೋಟೀನನ್ನು ಮೇದೋಜೀರಕ ಗ್ರಂಥಿಯಲ್ಲಿ ಇನ್ನೊಂದು ಕಿಣ್ವ ಬೇರೆ ಕಡೆ ಕತ್ತರಿಸುವುದರಿಂದ ಅಲ್ಲಿ ಬೇರೆಯೇ ಹಾರ್ಮೋನು.

"ಅಂಗಾದ್ರೆ ಬಟ್ಟೆ ಒಂದೇ, ಟೈಲರ್ ಬೇರೆ," ಎಂದರು. ಅವರ ಯಜಮಾನರು ಟೈಲರ್.

ಎರಡು ವರ್ಷದ ಮೇಲೆ ನನ್ನ ಸ್ಲೈಡುಗಳಲ್ಲಿ ಕಂದು ಚುಕ್ಕೆಗಳು ಕಂಡವು. ನಾನು ಹುಡುಕುತ್ತಿದ್ದ ಕಿಣ್ವವನ್ನು ಗುರುತು ಹಿಡಿಯುವ ಆಂಟಿಬಾಡಿ ಹಾಕಿ, ಬಣ್ಣ ಬರಿಸಿದ್ದೆ. ಕಂದು ಇದ್ದಲ್ಲೆಲ್ಲ ಕಿಣ್ವ ಇದೆ ಎಂದರ್ಥ. ನನ್ನ ಗೈಡ್ ಖುಷಿಯಾಗಿ ಸಮ್ಮೇಳನವೊಂದಕ್ಕೆ ಈ ಫಲಿತಾಂಶದ ಸಾರಾಂಶ ಕಳಿಸಿಯೂ ಬಿಟ್ಟರು. ಮಾರನೆಯ ಬೆಳಿಗ್ಗೆ ಅಕ್ಕ ನನ್ನನ್ನು ಸೂಕ್ಷ್ಮದರ್ಶಕದ ಹತ್ತಿರ ಕರೆದರು.

"ಇದ್ರಲ್ಲಿ ನಿಮ್ ಆಂಟಿಬಾಡಿ ಆಕೇ ಇಲ್ಲ ಕಣಮ್ಮ. ಆದ್ರೂ ಕಂದು ಬಂದದೆ, ನೋಡಿ."

ನೋಡಿದೆ. ಅದೇ ಕಂದು ಚುಕ್ಕೆಗಳು. ಕೆಲವು ಜೀವಕೋಶಗಳಲ್ಲಿ ಸಹಜವಾಗಿಯೇ ಇರುವ ಮತ್ತೊಂದು ಕಿಣ್ವ ಇದೇ ಬಣ್ಣ ಬರಿಸಬಲ್ಲದು. ಅದನ್ನು ಮೊದಲೇ ನಿಷ್ಕ್ರಿಯಗೊಳಿಸಬೇಕು. ಅವಸರದಲ್ಲಿ ಆ ಹಂತ ಬಿಟ್ಟಿದ್ದೆ. ಹೋಲಿಸಿ ನೋಡಲು ಒಂದು ಸ್ಲೈಡನ್ನು ಆಂಟಿಬಾಡಿ ಹಾಕದೆ ಉಳಿಸಿಕೊಳ್ಳುವುದನ್ನೂ ಬಿಟ್ಟಿದ್ದೆ. ಅದನ್ನು ಅಕ್ಕ ತಾವಾಗಿಯೇ ಮಾಡಿದ್ದರು.

"ಅಕ್ಕ, ಸರ್‌ಗೆ ಹೇಳ್ಬೇಡಿ," ಎಂದೆ. ಹಾಗೆ ಅಂದದ್ದು ನೆನೆದರೆ ಇವತ್ತಿಗೂ ನಾಚಿಕೆ.

"ನಾನ್ ಯಾರ್ಗೂ ಏಳಲ್ಲ," ಎಂದರು. "ಏಳೋದು ನಿಮ್ ಕೆಲ್ಸ."

ಮೂರು ದಿನ ಅವರು ಎಂದಿನಂತೆಯೇ ಇದ್ದರು. ಊಟದ ಡಬ್ಬಿ ಬಿಚ್ಚಿ ನನಗೂ ಉಪ್ಸಾರು ಬಡಿಸಿದರು. ಒಂದು ಸಲವೂ ಆ ಮಾತೆತ್ತಲಿಲ್ಲ. ನಾಲ್ಕನೆಯ ದಿನ ಗೈಡ್‌ಗೆ ಹೇಳಿದೆ. ಅವರು ಸಾರಾಂಶ ಹಿಂತೆಗೆದುಕೊಂಡರು, ನನ್ನೊಡನೆ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಅಕ್ಕ ಮಾತ್ರ ಹೊಸ ಮೇಣದ ಅಚ್ಚುಗಳನ್ನು ಮುಂದಿಟ್ಟುಕೊಂಡು, "ಬನ್ನಿ, ಮೊದ್ಲಿಂದ ಸುರು ಮಾಡವ," ಎಂದರು. ಎಂಟು ತಿಂಗಳು ಹಿಡಿಯಿತು. ಕೊನೆಗೆ ಕಿಣ್ವ ಸಿಕ್ಕಿತು, ನಾನು ಕೊಚ್ಚಿಕೊಂಡದ್ದಕ್ಕಿಂತ ಬಹಳ ಕಡಿಮೆ ಕೋಶಗಳಲ್ಲಿ. ಆದರೆ ಸಿಕ್ಕಿದ್ದು ನಿಜ.

ನಿವೃತ್ತರಾದ ಮೇಲೆ ಅಕ್ಕನಿಗೆ ಸಕ್ಕರೆ ಕಾಯಿಲೆ ಹೆಚ್ಚಾಯಿತು. ಡಾಕ್ಟರು ಬರೆದ ಹೊಸ ಮಾತ್ರೆ ನಮ್ಮ ಕರುಳಿನ ಹಾರ್ಮೋನಿಗೇ ಸಂಬಂಧಪಟ್ಟಿದ್ದೆಂದು ಯಾರೋ ಹೇಳಿದ್ದರಂತೆ. ನನ್ನನ್ನು ಮನೆಗೆ ಕರೆಸಿಕೊಂಡರು. ಆ ಹಾರ್ಮೋನನ್ನು ಒಡೆಯುವ ಕಿಣ್ವವನ್ನು ಈ ಮಾತ್ರೆ ತಡೆಯುತ್ತದೆ ಎಂದು ಚಿತ್ರ ಬರೆದು ವಿವರಿಸಿದೆ.

"ಇದು ಗೊತ್ತಿರೋದಾ, ಇಲ್ಲ ನಿಮ್ ಊಹೆನಾ?"

"ಇದು ಗೊತ್ತಿರೋದೇ ಅಕ್ಕ. ನಿಮಗೆ ಎಷ್ಟು ಹಿಡಿಯುತ್ತೆ ಅನ್ನೋದು ನೋಡ್ಬೇಕು."

"ಸರಿ ಬುಡಿ, ನುಂಗ್ತೀನಿ," ಎಂದು ನಕ್ಕರು. ಆರು ತಿಂಗಳ ನಂತರ ಹೃದಯಾಘಾತದಿಂದ ತೀರಿಕೊಂಡರು.

ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಗೈಡ್‌ಗೆ ಇಡೀ ಒಂದು ಪ್ಯಾರಾ ಇದೆ. ಅಕ್ಕನ ಹೆಸರಿಲ್ಲ, 'ಲ್ಯಾಬಿನ ಸಿಬ್ಬಂದಿಗೂ' ಎಂಬುದರಲ್ಲಿ ಅವರನ್ನು ಸೇರಿಸಿಬಿಟ್ಟಿದ್ದೇನೆ. ಅಚ್ಚಾದ ಪ್ರತಿ ಕೊಟ್ಟಾಗ ಆ ಪುಟವನ್ನು ಬೆರಳಿಟ್ಟು ನಿಧಾನವಾಗಿ ಓದಿದ್ದರು. ಮುಚ್ಚಿ, ಸೆರಗಿನಿಂದ ರಟ್ಟನ್ನೊಮ್ಮೆ ಒರೆಸಿ, "ಚೆನ್ನಾಗಿ ಬಂದದೆ ಕಣಮ್ಮ," ಎಂದಿದ್ದರು.